ಶಿಕೋಕು ಸುತ್ತಾಟ: ಜಪಾನಿನ ನಾಲ್ಕನೇ ದ್ವೀಪದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕೋಕು ಎಲ್ಲಿದೆ?

ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ತೀರ ಚಿಕ್ಕದು ಇದು. ಒಸಾಕಾದಿಂದ ನೈಋತ್ಯಕ್ಕೆ, ಒಳಸಮುದ್ರದ ಆಚೆ ದಡದಲ್ಲಿದೆ. ನಾಲ್ಕು ಪ್ರಾಂತ್ಯಗಳು: ಉತ್ತರಕ್ಕೆ ಕಗಾವಾ, ಪೂರ್ವಕ್ಕೆ ತೋಕುಶಿಮಾ, ಪಶ್ಚಿಮಕ್ಕೆ ಎಹಿಮೆ, ದಕ್ಷಿಣಕ್ಕೆ ಕೋಚಿ. ಬುಲೆಟ್ ರೈಲು ಓಡದ ದೊಡ್ಡ ದ್ವೀಪ ಇದೊಂದೇ.

ಅಂದ ಹಾಗೆ, ಹೋಟೆಲ್ ಬುಕ್ ಮಾಡುವಾಗ ಕೋಚಿ ಅಂತ ಹುಡುಕಿದರೆ ಆ್ಯಪ್ ನಿಮ್ಮನ್ನು ಕೇರಳಕ್ಕೆ ಕರೆದುಕೊಂಡು ಹೋಗುವ ಸಾಧ್ಯತೆ ಇದೆ. ಹಣ ಕಟ್ಟುವ ಮೊದಲು ದೇಶ ಯಾವುದು ನೋಡಿಕೊಳ್ಳಿ.

ಮೊದಲ ಸಲ ಜಪಾನಿಗೆ ಹೋಗುತ್ತಿದ್ದೇವೆ. ಶಿಕೋಕು ಸೇರಿಸಬಹುದಾ?

ಒಂದೇ ವಾರ ಇದ್ದರೆ ಬೇಡ. ಟೋಕಿಯೋ, ಕ್ಯೋಟೋ ನೋಡಿಕೊಂಡು ಬನ್ನಿ. ಎರಡು ವಾರ ಇದ್ದರೆ ಖಂಡಿತ ಸೇರಿಸಿ. ಕ್ಯೋಟೋದ ನೂಕುನುಗ್ಗಲು ಸಾಕಾದವರಿಗೆ ಇಲ್ಲಿ ಉಸಿರಾಡಲು ಜಾಗ ಸಿಗುತ್ತದೆ.

ಎಷ್ಟು ದಿನ ಬೇಕು? ನಾಲ್ಕೂ ಪ್ರಾಂತ್ಯ ಒಂದೇ ಸಲಕ್ಕೆ ಮುಗಿಸಬಹುದಾ?

ಮುಗಿಸಬಹುದು. ಆದರೆ ನೋಡಿದ್ದಕ್ಕಿಂತ ರೈಲಿನಲ್ಲಿ ಕೂತದ್ದೇ ಜಾಸ್ತಿಯಾಗುತ್ತದೆ. ನಕ್ಷೆಯಲ್ಲಿ ಚಿಕ್ಕದಾಗಿ ಕಾಣುತ್ತದೆ ಅಂತ ಮೋಸ ಹೋಗಬೇಡಿ. ದ್ವೀಪದ ನಡುವೆ ಪೂರ್ತಿ ಬೆಟ್ಟ. ಪಶ್ಚಿಮ ಜಪಾನಿನಲ್ಲೇ ಎತ್ತರದ ಶಿಖರ ಇಶಿಜುಚಿ, 1,982 ಮೀಟರ್, ಇಲ್ಲೇ ಇದೆ. ಊರುಗಳೆಲ್ಲ ಹೆಚ್ಚಾಗಿ ಅಂಚಿನಲ್ಲಿ. ಕೋಚಿ ನಗರದಿಂದ ಎಹಿಮೆಯ ದೊಡ್ಡ ಊರು ಮಾತ್ಸುಯಾಮಾಗೆ ನೇರ ರೈಲೇ ಇಲ್ಲ, ಬೆಟ್ಟ ದಾಟುವ ಹೈವೇ ಬಸ್ಸಿನಲ್ಲಿ ಎರಡೂವರೆ ಗಂಟೆ ಬೇಕು. ಕಗಾವಾದ ದೊಡ್ಡ ಊರು ತಕಾಮಾತ್ಸುವಿನಿಂದ ಮಾತ್ಸುಯಾಮಾಗೂ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ನನ್ನ ಸಲಹೆ: ನಾಲ್ಕೈದು ದಿನಕ್ಕೆ ಎರಡು ಪ್ರಾಂತ್ಯ. ಕಗಾವಾ ಮತ್ತು ತೋಕುಶಿಮಾ ಒಂದು ಜೋಡಿ. ಕಗಾವಾ ಮತ್ತು ಎಹಿಮೆ ಇನ್ನೊಂದು. ಕೋಚಿ ನೋಡಲೇಬೇಕು ಅನ್ನುವವರು ದಾರಿಯಲ್ಲಿ ತೋಕುಶಿಮಾದ ಬೆಟ್ಟಗಳ ನಡುವಿನ ಇಯಾ ಕಣಿವೆಗೆ ಒಂದು ರಾತ್ರಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಇಲ್ಲಿ ದಿನದ ಲೆಕ್ಕ ಬೆಳಗ್ಗೆಯಿಂದ ಶುರು ಮಾಡಬೇಡಿ, ಕಡೇ ಬಸ್ಸಿನಿಂದ ಶುರು ಮಾಡಿ. ಹಳ್ಳಿಗಳ ಕಡೆ ದಿನಕ್ಕೆ ಬಸ್ಸು ಬೆರಳೆಣಿಕೆಯಷ್ಟು. ಶನಿವಾರ, ಭಾನುವಾರ ಅದೂ ಕಮ್ಮಿ. ವಾಪಸ್ ಬಸ್ ಎಷ್ಟಕ್ಕೆ ಅಂತ ಮೊದಲು ನೋಡಿ, ಆಮೇಲೆ ಹೋಗುವ ಬಸ್ ಹುಡುಕಿ. ಈ ಪುಟದ ಉಳಿದ ಅರ್ಧ ಪ್ರಶ್ನೆಗಳಿಗೂ ಇದೇ ಉತ್ತರ.

ವೀಸಾ ಬೇಕಾ?

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬೇಕು. ಬೆಂಗಳೂರಿನಲ್ಲಿ ಜಪಾನಿನ ಕಾನ್ಸುಲೇಟ್ ಇದೆ, ಅರ್ಜಿ ಕೊಡುವುದು ಮಾತ್ರ ವಿಎಫ್‌ಎಸ್ ಕೇಂದ್ರದಲ್ಲಿ. 2024ರ ಏಪ್ರಿಲ್‌ನಿಂದ ಪ್ರವಾಸಿಗರಿಗೆ ಇ-ವೀಸಾ ಬಂದಿದೆ. ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಇರುವುದಿಲ್ಲ, ಏರ್‌ಪೋರ್ಟಿನಲ್ಲಿ ಫೋನಿನ ಪರದೆಯ ಮೇಲೆ ತೋರಿಸಬೇಕು. ಅದನ್ನು ಇಂಟರ್‌ನೆಟ್‌ನಲ್ಲಿ ತೆರೆದೇ ತೋರಿಸಬೇಕು. ಪ್ರಿಂಟ್ ಅಥವಾ ಸ್ಕ್ರೀನ್‌ಶಾಟ್ ಒಪ್ಪುವುದಿಲ್ಲ. ಹಾಗಾಗಿ ಚೆಕ್-ಇನ್ ಹೊತ್ತಿಗೆ ಫೋನಿನಲ್ಲಿ ಡೇಟಾ, ಚಾರ್ಜ್ ಎರಡೂ ಇರಲಿ.

ಬೆಂಗಳೂರಿನಿಂದ ಶಿಕೋಕುಗೆ ತಲುಪುವುದು ಹೇಗೆ?

ನೇರ ವಿಮಾನ ಇಲ್ಲ. ಸುಲಭದ ದಾರಿ ಅಂದರೆ ಸಿಂಗಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್ ಮೂಲಕ ಒಸಾಕಾದ ಕನ್ಸೈ ಏರ್‌ಪೋರ್ಟಿಗೆ ಇಳಿಯುವುದು. ಅಲ್ಲಿಂದಲೇ ತೋಕುಶಿಮಾ ಮತ್ತು ತಕಾಮಾತ್ಸುಗೆ ಬಸ್ ಇದೆ, ಮೂರರಿಂದ ಮೂರೂವರೆ ಗಂಟೆ. ಸೂಟ್‌ಕೇಸ್ ಎಳೆದುಕೊಂಡು ಒಸಾಕಾ ಊರೊಳಗೆ ಹೋಗಿ ರೈಲು ಬದಲಿಸುವ ರಗಳೆ ಇಲ್ಲ.

ರೈಲಿನಲ್ಲೇ ಬರುವವರು ಬುಲೆಟ್ ರೈಲಿನಲ್ಲಿ ಒಕಾಯಾಮಾ ತನಕ ಬಂದು, ಅಲ್ಲಿ ಮರೀನ್ ಲೈನರ್ ಅನ್ನುವ ರೈಲು ಹತ್ತಬೇಕು. ಒಂದು ಗಂಟೆಯೊಳಗೆ ತಕಾಮಾತ್ಸು. ದಾರಿಯಲ್ಲಿ ಸಿಗುವುದು ಸೆತೋ ಸೇತುವೆ. 1988ರಲ್ಲಿ ತೆರೆದದ್ದು, ಸುಮಾರು 13 ಕಿ.ಮೀ. ಉದ್ದ. ಮೇಲೆ ಕಾರು, ಕೆಳಗೆ ರೈಲು, ಅದರ ಕೆಳಗೆ ಸಮುದ್ರ ಮತ್ತು ಪುಟ್ಟ ದ್ವೀಪಗಳು. ಈ ಒಂದು ಗಂಟೆ ಫೋನ್ ನೋಡಬೇಡಿ.

ಟೋಕಿಯೋದಿಂದ ಬರುವವರಿಗೆ ಸನ್‌ರೈಸ್ ಸೆತೋ ಅನ್ನುವ ರಾತ್ರಿ ರೈಲೂ ಇದೆ. ಜಪಾನಿನಲ್ಲಿ ಸ್ಲೀಪರ್ ರೈಲುಗಳು ಈಗ ಉಳಿದಿರುವುದೇ ಅಪರೂಪ. ಟಿಕೆಟ್ ಒಂದು ತಿಂಗಳು ಮುಂಚೆ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ.

ರೈಲು ಪಾಸ್ ತೆಗೆದುಕೊಳ್ಳಬೇಕಾ?

ಇಡೀ ಜಪಾನಿನ ಪಾಸ್ 2023ರ ಅಕ್ಟೋಬರ್‌ನಲ್ಲಿ ಏಳು ದಿನಕ್ಕೆ 50,000 ಯೆನ್‌ಗೆ ಏರಿತು. ಬರೀ ಶಿಕೋಕುಗೆ ಅದು ದಂಡ. ವಿದೇಶಿ ಪ್ರವಾಸಿಗರಿಗೆ ಅಂತಲೇ ಶಿಕೋಕು ಪಾಸ್ ಬೇರೆ ಇದೆ. 3, 4, 5, 7 ದಿನಗಳದ್ದು ಸಿಗುತ್ತದೆ. ಜೆಆರ್ (ಜಪಾನ್ ರೈಲ್ವೆ) ರೈಲು ಮಾತ್ರ ಅಲ್ಲ, ತಕಾಮಾತ್ಸುವಿನ ಕೊತೋದೆನ್ ರೈಲು, ಮಾತ್ಸುಯಾಮಾ ಮತ್ತು ಕೋಚಿಯ ಟ್ರಾಮ್‌ಗಳಿಗೂ ನಡೆಯುತ್ತದೆ. ಒಂದು ಕೊಕ್ಕೆ ಇದೆ: ಸೇತುವೆ ಆಚೆ ಕೋಜಿಮಾ ಸ್ಟೇಷನ್ ತನಕ ಮಾತ್ರ ಈ ಪಾಸ್. ಒಕಾಯಾಮಾದಿಂದ ಕೋಜಿಮಾವರೆಗಿನ ದುಡ್ಡು ಬೇರೆ ಕೊಡಬೇಕು.

ದಿನಕ್ಕೊಂದು ದೊಡ್ಡ ಪ್ರಯಾಣ ಇದ್ದರೆ ಪಾಸ್ ಲಾಭ. ಎರಡು ದಿನ ಒಂದೇ ಊರಿನಲ್ಲಿ ಉಳಿಯುವವರಿಗೆ ಬಿಡಿ ಟಿಕೆಟ್ಟೇ ವಾಸಿ.

ಸುಯಿಕಾ, ಇಕೋಕಾದಂಥ ಪ್ರಿಪೇಯ್ಡ್ ಪ್ರಯಾಣ ಕಾರ್ಡ್ ನಡೆಯುತ್ತದಾ?

ತಕಾಮಾತ್ಸು ಸುತ್ತಮುತ್ತ ನಡೆಯುತ್ತದೆ. ಅಲ್ಲಿಂದ ದೂರ ಹೋದಂತೆ ನಂಬಬೇಡಿ. ನಗದು ಇಟ್ಟುಕೊಳ್ಳಿ. ಅದರಲ್ಲೂ 1,000 ಯೆನ್ ನೋಟು ಮತ್ತು ಚಿಲ್ಲರೆ. ಸೆವೆನ್-ಇಲೆವೆನ್ ಅಂಗಡಿ ಮತ್ತು ಪೋಸ್ಟ್ ಆಫೀಸಿನ ಎಟಿಎಂಗಳಲ್ಲಿ ನಮ್ಮ ವೀಸಾ, ಮಾಸ್ಟರ್ ಕಾರ್ಡ್‌ಗಳಿಂದ ಹಣ ತೆಗೆಯಬಹುದು. ಬೆಟ್ಟ ಹತ್ತುವ ಮೊದಲೇ ತೆಗೆದುಕೊಳ್ಳಿ.

ಹಳ್ಳಿ ಬಸ್ ಹತ್ತುವುದು ಹೇಗೆ?

ಹೆಚ್ಚಾಗಿ ಹಿಂದಿನ ಬಾಗಿಲಲ್ಲಿ ಹತ್ತಿ, ಅಲ್ಲಿರುವ ಪೆಟ್ಟಿಗೆಯಿಂದ ನಂಬರ್ ಚೀಟಿ ಎಳೆದುಕೊಳ್ಳಿ. ಡ್ರೈವರ್ ತಲೆಯ ಮೇಲಿನ ಬೋರ್ಡಿನಲ್ಲಿ ಆ ನಂಬರಿನ ಕೆಳಗೆ ದರ ಏರುತ್ತಾ ಹೋಗುತ್ತದೆ. ಇಳಿಯುವಾಗ ಮುಂದೆ ಬಂದು ಚೀಟಿ, ಚಿಲ್ಲರೆ ಎರಡನ್ನೂ ಡಬ್ಬಕ್ಕೆ ಹಾಕಬೇಕು. ಡಬ್ಬ ಬಾಕಿ ಕೊಡುವುದಿಲ್ಲ. ಪಕ್ಕದ ಯಂತ್ರದಲ್ಲಿ ನೋಟು ಮುರಿಸಬಹುದು, ಆದರೆ ಅದು ಸಾಮಾನ್ಯವಾಗಿ 1,000ದ ನೋಟು ಮಾತ್ರ ನುಂಗುತ್ತದೆ. 10,000ದ ನೋಟು ಹಿಡಿದು ನಿಂತರೆ ಡ್ರೈವರ್‌ಗೂ ಕಷ್ಟ, ನಿಮಗೂ ಮುಜುಗರ.

ಕಾರು ಬಾಡಿಗೆಗೆ ತೆಗೆದುಕೊಂಡರೆ?

ನಿಜ ಹೇಳಬೇಕೆಂದರೆ ಇಯಾ, ಕೋಚಿಯ ಭೂಶಿರಗಳಾದ ಮುರೋತೋ, ಅಶಿಜುರಿ ಕಡೆಗೆಲ್ಲ ಕಾರೇ ಸರಿ. ನಮ್ಮ ಹಾಗೆ ಅಲ್ಲೂ ಎಡಬದಿ ಓಡಿಸುತ್ತಾರೆ, ಸ್ಟೀರಿಂಗ್ ಬಲಕ್ಕೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಅಲ್ಲಿ ನಡೆಯುತ್ತದೆ. ಊರಿನಲ್ಲೇ ಮಾಡಿಸಿಕೊಂಡು, ಮೂಲ ಲೈಸೆನ್ಸ್ ಜೊತೆಗೆ ಇಟ್ಟುಕೊಳ್ಳಿ.

ಆಗುಂಬೆ ಘಾಟಿ ಇಳಿಸಿದವರಿಗೆ ಇಯಾ ರಸ್ತೆ ಹೊಸದೇನೂ ಅನ್ನಿಸುವುದಿಲ್ಲ, ಆದರೆ ಎಷ್ಟೋ ಕಡೆ ಒಂದೇ ಕಾರಿನ ಅಗಲ. ಎದುರು ವಾಹನ ಬಂದರೆ ಯಾರಾದರೂ ಹಿಂದಕ್ಕೆ ಹೋಗಲೇಬೇಕು. ಚಿಕ್ಕ ಕಾರು ಕೇಳಿ ಪಡೆಯಿರಿ. ರೈಲ್ವೆ ಗೇಟ್ ತೆರೆದಿದ್ದರೂ ಪೂರ್ತಿ ನಿಲ್ಲಿಸಿ ಆಮೇಲೆ ದಾಟಬೇಕು, ಇದು ಕಾನೂನು. ಕೆಂಪು ದೀಪ ಇರುವಾಗ ಎಡಕ್ಕೂ ತಿರುಗುವಂತಿಲ್ಲ. ಕುಡಿದು ಓಡಿಸಿದರೆ ಪಕ್ಕದಲ್ಲಿ ಕೂತವರಿಗೂ ಶಿಕ್ಷೆಯಾಗಬಹುದು.

ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೇನು ಗತಿ?

ಎಲ್ಲರೂ ಮೊದಲು ಕೇಳುವುದು ಇದನ್ನೇ, ಅಲ್ವಾ? ಕಷ್ಟ ಇದೆ. ಆದರೆ ಉಪವಾಸ ಬೀಳುವಷ್ಟಲ್ಲ.

ತೊಂದರೆ ಇರುವುದು ಕಣ್ಣಿಗೆ ಕಾಣುವ ಮೀನಿನಲ್ಲಿ ಅಲ್ಲ, ಕಾಣದ ದಾಶಿಯಲ್ಲಿ. ದಾಶಿ ಅಂದರೆ ಸಾರಿನ ಬುಡ. ಒಣಮೀನಿನಿಂದ ತೆಗೆಯುತ್ತಾರೆ. ಕಗಾವಾದ ಹೆಸರಾಂತ ದಪ್ಪ ನೂಡಲ್ಸ್ ಆದ ಸನುಕಿ ಉಡಾನ್‌ಗೆ ಇರಿಕೋ ಅನ್ನುವ ಪುಟ್ಟ ಒಣಮೀನು ಹಾಕುತ್ತಾರೆ. ತರಕಾರಿ ಪಲ್ಯ, ತೋಫು, ಮಿಸೋ ಸೂಪ್, ಕೊನೆಗೆ ಆಮ್ಲೆಟ್ ಒಳಗೂ ದಾಶಿ ಇರಬಹುದು. ಮಾಂಸ ಬೇಡ ಅಂದರೆ ಅವರು ತುಂಡು ತೆಗೆಯುತ್ತಾರೆ, ಸಾರು ಹಾಗೇ ಬರುತ್ತದೆ. ಅವರ ತಪ್ಪಲ್ಲ, ಅವರ ಲೆಕ್ಕದಲ್ಲಿ ಅದು ಮೀನೇ ಅಲ್ಲ. ಹಾಗಾಗಿ ಮಾಂಸ, ಮೀನು, ಮೀನಿನ ದಾಶಿ ಮೂರೂ ಬೇಡ ಅಂತ ಜಪಾನಿ ಭಾಷೆಯಲ್ಲಿ ಬರೆದ ಚೀಟಿ ಇಟ್ಟುಕೊಂಡು ತೋರಿಸಿ. ಬಾಯಲ್ಲಿ ಹೇಳಿದ್ದಕ್ಕಿಂತ ಚೀಟಿಗೆ ಬೆಲೆ ಜಾಸ್ತಿ.

ಒಳ್ಳೆಯ ಸುದ್ದಿ ಏನೆಂದರೆ ಉಡಾನ್ ಎಳೆ ಬರೀ ಗೋಧಿ ಹಿಟ್ಟು, ಉಪ್ಪು, ನೀರು. ಸಾರಿನ ಬದಲು ಬರೀ ಸೋಯಾ ಸಾಸ್ ಹಾಕಿಕೊಂಡು ತಿನ್ನುವ ಕಿಜೋಯು ಉಡಾನ್ ಕೇಳಿ. ತುರಿದ ಶುಂಠಿ, ಈರುಳ್ಳಿ ಸೊಪ್ಪು, ಹಿಂಡಲು ನಿಂಬೆಯಂಥ ಸುದಾಚಿ ಸಿಕ್ಕರೆ ಭರ್ಜರಿ ಊಟ. ಆ ಸಾಸ್‌ನಲ್ಲೂ ದಾಶಿ ಬೆರೆಸುವ ಅಂಗಡಿಗಳಿವೆ, ಚೀಟಿ ತೋರಿಸಿ ಕೇಳಿಕೊಳ್ಳಿ. ತರಕಾರಿ ತೆಂಪುರಾ ಎಲ್ಲ ಕಡೆ ಇರುತ್ತದೆ, ಆದರೆ ಸೀಗಡಿ ಕರಿದ ಎಣ್ಣೆಯಲ್ಲೇ ಕರಿಯುತ್ತಾರೆ. ಒಪ್ಪಿಗೆಯೋ ಇಲ್ಲವೋ ನೀವೇ ತೀರ್ಮಾನಿಸಿ.

ರಾತ್ರಿಗೆ ಸುಲಭದ ಉಪಾಯ: ಕನ್ವೀನಿಯನ್ಸ್ ಸ್ಟೋರಿನಲ್ಲಿ ಬಿಸಿ ಮಾಡಿ ತಿನ್ನುವ ಬಿಳಿ ಅನ್ನದ ಡಬ್ಬಿ ಸಿಗುತ್ತದೆ. ಊರಿನಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತಂದಿದ್ದರೆ ಮುಗಿಯಿತು. ಸಪ್ಪೆ ಮೊಸರೂ ಸಿಗುತ್ತದೆ, ಜೆಲಾಟಿನ್ ಇಲ್ಲದ್ದು ನೋಡಿ ತೆಗೆದುಕೊಳ್ಳಿ, ಮೊಸರನ್ನ ಆಯಿತು. ಮೂರು ಮೂಲೆಯ ಅನ್ನದ ಉಂಡೆಗಳಲ್ಲಿ ಉಪ್ಪಿನದು, ಉಮೆ ಅನ್ನುವ ಹುಳಿ ಹಣ್ಣಿನದು ನಮಗೆ ಹತ್ತಿರ. ಅವುಗಳ ಲೇಬಲ್ ಕೂಡ ಒಮ್ಮೆ ಫೋನಿನ ಕ್ಯಾಮೆರಾ ಅನುವಾದಕ್ಕೆ ತೋರಿಸಿ. ದೊಡ್ಡ ಊರುಗಳಲ್ಲಿ ಇಂಡಿಯನ್ ಹೋಟೆಲುಗಳಿವೆ, ಎಷ್ಟೋ ಕಡೆ ನಡೆಸುವವರು ನೇಪಾಳದವರು. ಹಿಂದಿಯಲ್ಲಿ ಮಾತಾಡಿಕೊಂಡು ಖಾರ ಹೆಚ್ಚಿಸಿಕೊಳ್ಳಬಹುದು.

ಮೀನು ತಿನ್ನುವ ಕರಾವಳಿಯವರಿಗೆ ಮಾತ್ರ ಹಬ್ಬ. ಕೋಚಿಯ ಹಿರೋಮೆ ಮಾರುಕಟ್ಟೆಯಲ್ಲಿ ಹುಲ್ಲಿನ ಬೆಂಕಿಯಲ್ಲಿ ಹೊರಮೈ ಮಾತ್ರ ಸುಟ್ಟ ಕತ್ಸುಒ ಮೀನನ್ನು ಬಿಡಬೇಡಿ.

ಊರಿನಿಂದ ಏನೇನು ತರಬಾರದು?

ಮಾಂಸದ ಪದಾರ್ಥ ಯಾವುದೂ ಬೇಡ. ಹಸಿ ಹಣ್ಣು, ತರಕಾರಿ, ಕರಿಬೇವು ಬೇಡ. ಔಷಧದ ವಿಷಯದಲ್ಲೂ ಹುಷಾರು: ಸೂಡೋಎಫೆಡ್ರಿನ್ ಶೇ. 10ಕ್ಕಿಂತ ಜಾಸ್ತಿ ಇರುವ ನೆಗಡಿ ಮಾತ್ರೆ ಜಪಾನಿಗೆ ನಿಷೇಧ. ನಮ್ಮಲ್ಲಿ ಸಲೀಸಾಗಿ ಸಿಗುವ ಕೆಲವು ಮಾತ್ರೆಗಳು ಇದರಲ್ಲಿ ಬರುತ್ತವೆ. ಮಾತ್ರೆ ಪಟ್ಟಿಯ ಹಿಂದೆ ಬರೆದದ್ದನ್ನು ಓದಿ ನೋಡಿ.

88 ದೇವಸ್ಥಾನಗಳ ಯಾತ್ರೆ ಅಂದರೇನು? ನಾವೂ ಮಾಡಬಹುದಾ?

ಶಿಕೋಕು ಅಂದರೆ ಜಪಾನಿನವರಿಗೆ ಮೊದಲು ನೆನಪಾಗುವುದೇ ಇದು. ಕೂಕೈ ಅನ್ನುವ ಸನ್ಯಾಸಿ (774–835) ಹುಟ್ಟಿದ್ದು ಇಲ್ಲಿನ ಜೆಂತ್ಸೂಜಿಯಲ್ಲಿ. ಚೀನಾಕ್ಕೆ ಹೋಗಿ ಮಂತ್ರಮಾರ್ಗದ ಬೌದ್ಧ ಧರ್ಮ ಕಲಿತು ತಂದವರು. ಜನ ಅವರನ್ನು ಕೋಬೋ ದೈಶಿ ಅಂತ ಕರೆಯುತ್ತಾರೆ. ಅವರ ಹೆಸರಿನಲ್ಲಿ ದ್ವೀಪದ ಸುತ್ತ 88 ದೇವಸ್ಥಾನಗಳು. ನಡೆದರೆ ಸುಮಾರು 1,200 ಕಿ.ಮೀ., 40ರಿಂದ 50 ದಿನ. ತೋಕುಶಿಮಾದ ರ್ಯೋಜೆಂಜಿಯಲ್ಲಿ ಶುರು, ಕಗಾವಾದ ಓಕುಬೋಜಿಯಲ್ಲಿ ಮುಕ್ತಾಯ. ತೋಕುಶಿಮಾದಲ್ಲಿ 23, ಕೋಚಿಯಲ್ಲಿ 16, ಎಹಿಮೆಯಲ್ಲಿ 26, ಕಗಾವಾದಲ್ಲಿ 23. ಕೋಚಿಯಲ್ಲಿ ದೇವಸ್ಥಾನ ಕಮ್ಮಿ, ನಡಿಗೆ ಜಾಸ್ತಿ. 37ನೇ ದೇವಸ್ಥಾನದಿಂದ 38ನೆಯದಕ್ಕೆ ಹೋಗಲು 80 ಕಿ.ಮೀ.ಗೂ ಹೆಚ್ಚು ನಡೆಯಬೇಕು.

ಯಾವ ಧರ್ಮದವರು ಬೇಕಾದರೂ ಮಾಡಬಹುದು. ಪೂರ್ತಿ ಮಾಡಲೇಬೇಕು ಅಂತಿಲ್ಲ. ಅಲ್ಲಿನವರೇ ಎಷ್ಟೋ ಜನ ಬಸ್ಸು, ಕಾರುಗಳಲ್ಲಿ ಮಾಡುತ್ತಾರೆ, ವರ್ಷಕ್ಕೊಂದಿಷ್ಟು ಅಂತ ಕಂತಿನಲ್ಲೂ ಮಾಡುತ್ತಾರೆ. ಒಂದೇ ದಿನ ಇದ್ದರೆ ಬಾಂದೋ ಸ್ಟೇಷನ್ನಿನಲ್ಲಿ ಇಳಿದು ಒಂದನೆಯದರಿಂದ ಐದನೆಯದರ ತನಕ ನಡೆಯಿರಿ. ಯೋಶಿನೋ ನದಿಯ ಬಯಲು, ಏರಿಳಿತ ಕಮ್ಮಿ. 12ನೆಯದಾದ ಶೋಸಾಂಜಿಯ ಏರು ಬೇರೆಯೇ ಕಥೆ, ಅದಕ್ಕೆ ಒಂದು ಇಡೀ ದಿನ ಮತ್ತು ಗಟ್ಟಿ ಮಂಡಿ ಬೇಕು.

ಯಾತ್ರಿಕರು ಬಿಳಿ ಅಂಗಿ, ಹುಲ್ಲಿನ ಟೋಪಿ ಹಾಕಿಕೊಂಡು ಕೋಲು ಹಿಡಿಯುತ್ತಾರೆ. ಆ ಕೋಲು ದೈಶಿಯವರೇ ಅಂತ ಭಾವನೆ. ಸೇತುವೆ ಮೇಲೆ ಕೋಲನ್ನು ಊರುವುದಿಲ್ಲ, ಅವರು ಒಂದು ರಾತ್ರಿ ಸೇತುವೆ ಕೆಳಗೆ ಮಲಗಿದ್ದರಂತೆ, ನಿದ್ದೆ ಕೆಡಬಾರದಲ್ಲ! ಪ್ರತಿ ದೇವಸ್ಥಾನದಲ್ಲಿ ಮುಖ್ಯ ಗುಡಿ, ದೈಶಿ ಗುಡಿ ಎರಡರಲ್ಲೂ ಮೇಣದ ಬತ್ತಿ, ಊದುಬತ್ತಿ ಹಚ್ಚಿ ಸೂತ್ರ ಹೇಳುತ್ತಾರೆ. ಕೆಲವು ಕಡೆ ಬೆಂಕಿಯಲ್ಲಿ ಆಹುತಿ ಕೊಡುವ ಪೂಜೆಯೂ ನಡೆಯುತ್ತದೆ. ನಮ್ಮ ಹೋಮದಿಂದಲೇ ಹೋದ ಪದ್ಧತಿ ಅದು, ನೋಡಿದ ಕೂಡಲೇ ಗುರುತು ಸಿಗುತ್ತದೆ.

ಗುಡಿಯ ಕಚೇರಿಯಲ್ಲಿ ನಿಮ್ಮ ಯಾತ್ರೆ ಪುಸ್ತಕಕ್ಕೆ ಕುಂಚದಲ್ಲಿ ಬರೆದು ಕೆಂಪು ಮುದ್ರೆ ಒತ್ತಿಕೊಡುತ್ತಾರೆ, 500 ಯೆನ್. ಸಂಜೆ 5ಕ್ಕೆ ಬಾಗಿಲು. ಐದು ನಿಮಿಷ ತಡವಾದರೂ ಇಲ್ಲ.

ದಾರಿಯಲ್ಲಿ ಗುರುತಿಲ್ಲದವರು ಏನಾದರೂ ಕೊಟ್ಟರೆ?

ತೆಗೆದುಕೊಳ್ಳಿ. ಕಿತ್ತಳೆ, ಟೀ, ಬಿಸ್ಕತ್ತು, ಕೆಲವೊಮ್ಮೆ ನಾಣ್ಯ. ಯಾತ್ರಿಕರಿಗೆ ಹೀಗೆ ಕೊಡುವುದನ್ನು ಓಸೆತ್ತೈ ಅನ್ನುತ್ತಾರೆ. ಬೇಡ ಅನ್ನುವುದು ಮರ್ಯಾದೆಯಲ್ಲ, ಕೊಡುವವರಿಗೂ ಅದು ಪುಣ್ಯದ ಕೆಲಸ. ವಾಪಸ್ ಹೆಸರು ಬರೆದ ಚೀಟಿಯೊಂದನ್ನು ಕೊಡುವುದು ರೂಢಿ. ಒಂದನೇ ದೇವಸ್ಥಾನದ ಅಂಗಡಿಯಲ್ಲೇ ಆ ಚೀಟಿಗಳ ಕಟ್ಟು ಸಿಗುತ್ತದೆ. ಆದರೆ ಬಿಳಿ ಅಂಗಿ ಹಾಕಿಕೊಂಡು ಸುಮ್ನೆ ಫೋಟೋಕ್ಕೆ ಅಂತ ಓಡಾಡುತ್ತಿದ್ದರೆ, ಹಳ್ಳಿಯ ಮುದುಕಿಯರಿಂದ ಹಣ್ಣು ಈಸಿಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಇಯಾ ಕಣಿವೆಯ ಬಳ್ಳಿ ಸೇತುವೆ ಭಯ ಹುಟ್ಟಿಸುತ್ತದಾ?

ಸ್ವಲ್ಪ. 45 ಮೀಟರ್ ಉದ್ದ, ನೀರಿನಿಂದ 14 ಮೀಟರ್ ಎತ್ತರ. ಕಾಡುಬಳ್ಳಿ ಹೆಣೆದು ಕಟ್ಟಿದ್ದು, ಮೂರು ವರ್ಷಕ್ಕೊಮ್ಮೆ ಹೊಸದಾಗಿ ಹೆಣೆಯುತ್ತಾರೆ. ಒಳಗೆ ಉಕ್ಕಿನ ಹಗ್ಗ ಇದೆ, ಬೀಳುವ ಭಯ ಬೇಡ. ಆದರೆ ಕಾಲ ಕೆಳಗಿನ ಕಟ್ಟಿಗೆಗಳ ನಡುವೆ ಫೋನ್ ಬೀಳುವಷ್ಟು ಸಂದಿ ಇದೆ. ಸೀರೆ, ಹೈ ಹೀಲ್ಸ್ ಬೇಡ. ಹೋಗುವುದು ಒಂದೇ ದಿಕ್ಕಿನಲ್ಲಿ, ಅರ್ಧಕ್ಕೆ ತಿರುಗುವ ಹಾಗಿಲ್ಲ. 12ನೇ ಶತಮಾನದ ಯುದ್ಧದಲ್ಲಿ ಸೋತ ಹೇಕೆ ವಂಶದವರು ಈ ಕಣಿವೆಗೆ ಬಂದು ಅಡಗಿದರು, ಶತ್ರು ಬಂದರೆ ಕಡಿದು ಹಾಕಲು ಬಳ್ಳಿ ಸೇತುವೆ ಕಟ್ಟಿದರು ಅಂತ ಒಂದು ಕಥೆ.

ಇನ್ನೂ ಒಳಗೆ ನಾಗೋರೋ ಅನ್ನುವ ಹಳ್ಳಿ. ಜನ ಖಾಲಿಯಾಗುತ್ತಾ ಹೋದ ಹಾಗೆ ಊರಿನ ಹೆಂಗಸೊಬ್ಬರು ಆಳೆತ್ತರದ ಗೊಂಬೆಗಳನ್ನು ಮಾಡಿ ಕೂರಿಸಿದ್ದಾರೆ. ಬಸ್ ಸ್ಟಾಪಿನಲ್ಲಿ, ಹೊಲದಲ್ಲಿ, ಮುಚ್ಚಿದ ಶಾಲೆಯ ಬೆಂಚುಗಳಲ್ಲಿ ಗೊಂಬೆಗಳೇ. ಕಾರಿಲ್ಲದೆ ಹೋಗುವುದು ಕಷ್ಟ. ಓಬೋಕೆ ಸ್ಟೇಷನ್ನಿನಿಂದ ಬಳ್ಳಿ ಸೇತುವೆಗೆ ಬಸ್ ಇದೆ. ಆ ಮುಂದಕ್ಕೆ, ಮತ್ತೆ ಅದೇ ಕಡೇ ಬಸ್ಸಿನ ಲೆಕ್ಕ.

ತೋಕುಶಿಮಾದ ನರುತೋದಲ್ಲಿ ಸಮುದ್ರದ ಸುಳಿಗಳು ಯಾವಾಗ ಕಾಣುತ್ತವೆ?

ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಚೆನ್ನಾಗಿ ಕಾಣುತ್ತವೆ. ಪಂಚಾಂಗ ನೋಡುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದಿನದಲ್ಲಿ ಉಬ್ಬರ, ಇಳಿತದ ಹೊತ್ತಿನ ಆಸುಪಾಸಿನಲ್ಲಿ ಮಾತ್ರ ಸುಳಿ ಏಳುತ್ತದೆ. ಆ ದಿನದ ಸಮಯ ಮೊದಲೇ ನೋಡಿಕೊಂಡು ಹೋಗಿ. ತಪ್ಪಿದರೆ ಬರೀ ಸಮುದ್ರ. ದೊಡ್ಡ ಸುಳಿಗಳು 20 ಮೀಟರ್ ಅಗಲದ ತನಕ ಬೆಳೆಯುತ್ತವೆ. ಅಲ್ಲಿನ ನರುತೋ ಸೇತುವೆಯ ಕೆಳಗೆ, ನೀರಿನಿಂದ 45 ಮೀಟರ್ ಮೇಲೆ ಗಾಜಿನ ನೆಲದ ದಾರಿ ಇದೆ. ದೋಣಿಯೂ ಇದೆ.

ಕಗಾವಾದ ಕೊಂಪಿರಾ ದೇವಸ್ಥಾನದ ಮೆಟ್ಟಿಲು ವಯಸ್ಸಾದವರಿಗೆ ಆಗುತ್ತದಾ?

ಮುಖ್ಯ ಗುಡಿಗೆ 785 ಮೆಟ್ಟಿಲು, ಒಳಗುಡಿಗೆ 1,368. ದಾರಿ ತುಂಬಾ ಅಂಗಡಿಗಳಿವೆ, ಕೂರಲು ಜಾಗ ಇದೆ. ನಿಧಾನಕ್ಕೆ ಹತ್ತಿದರೆ 785 ಆಗುತ್ತದೆ. ಆಗದಿದ್ದರೆ ಕೆಳಗೇ 1835ರ ಕಬುಕಿ ನಾಟಕಶಾಲೆ ಇದೆ, ಜಪಾನಿನಲ್ಲಿ ಉಳಿದಿರುವವುಗಳಲ್ಲಿ ಅತಿ ಹಳೆಯದು. ಕೈಯಿಂದ ತಿರುಗಿಸುವ ರಂಗಸ್ಥಳ, ನೆಲಮಾಳಿಗೆ ಎಲ್ಲ ನೋಡಬಹುದು. ಮೆಟ್ಟಿಲಿಗಿಂತ ನನಗೆ ಇದೇ ಇಷ್ಟ.

ಹತ್ತಿರದಲ್ಲೇ ಮಾನ್ನೋ ಕೆರೆ. ಕಗಾವಾದಲ್ಲಿ ಮಳೆ ಕಮ್ಮಿ, ಹಾಗಾಗಿ ಎಲ್ಲಿ ನೋಡಿದರೂ ಕೆರೆಗಳು. ಒಡೆದಿದ್ದ ಮಾನ್ನೋ ಕೆರೆಯ ಏರಿಯನ್ನು 821ರಲ್ಲಿ ಕಟ್ಟಿಸಿದ್ದು ಇದೇ ಕೂಕೈ. ಬಯಲುಸೀಮೆಯವರು ಇದನ್ನು ನೋಡದೆ ಬರಬಾರದು.

ಬಿಸಿನೀರಿನ ಬುಗ್ಗೆಯಲ್ಲಿ ನಿಜಕ್ಕೂ ಬಟ್ಟೆ ಇಲ್ಲದೆ ಇಳಿಯಬೇಕಾ?

ಹೌದು. ಗಂಡಸರು, ಹೆಂಗಸರು ಬೇರೆ ಬೇರೆ. ಮೊದಲು ಕೂತು ಸೋಪು ಹಚ್ಚಿ ಮೈ ತೊಳೆದು, ಆಮೇಲೆ ತೊಟ್ಟಿಗೆ ಇಳಿಯಬೇಕು. ಪುಟ್ಟ ಟವೆಲ್ ನೀರಿಗೆ ತಾಗಬಾರದು. ಯಾರೂ ನಿಮ್ಮನ್ನು ನೋಡುವುದಿಲ್ಲ, ಸಂಕೋಚ ಎರಡು ನಿಮಿಷದ್ದು. ಆಗಲ್ಲ ಅನ್ನುವವರು ಬಾಡಿಗೆಗೆ ಸಿಗುವ ಖಾಸಗಿ ತೊಟ್ಟಿ ಇರುವ ಹೋಟೆಲ್ ಹುಡುಕಿ. ಹಚ್ಚೆ ಇದ್ದರೆ ಮೊದಲೇ ಕೇಳಿ.

ಮಾತ್ಸುಯಾಮಾದ ದೋಗೋ ಓನ್ಸೆನ್‌ನ ಹಳೇ ಮರದ ಕಟ್ಟಡ 1894ರದ್ದು. 2019ರಿಂದ ದುರಸ್ತಿ ನಡೆದು, 2024ರ ಜುಲೈನಲ್ಲಿ ಪೂರ್ತಿ ತೆರೆಯಿತು. ಊರಿನಿಂದ ಟ್ರಾಮ್ ನೇರ ಅಲ್ಲಿಗೇ ಬರುತ್ತದೆ. ಬೆಳಗ್ಗೆ ಬೇಗ ಹೋಗಿ, ರಶ್ ಕಮ್ಮಿ.

ಯಾವ ಕಾಲ ಒಳ್ಳೆಯದು?

ಮಾರ್ಚ್ ಕೊನೆಯಿಂದ ಏಪ್ರಿಲ್, ಮತ್ತೆ ಅಕ್ಟೋಬರ್ ಕೊನೆಯಿಂದ ನವೆಂಬರ್. ಜೂನ್‌ನಿಂದ ಜುಲೈ ಮಧ್ಯದ ತನಕ ಮಳೆ. ಆಮೇಲೆ ಬೆವರು, ಜೊತೆಗೆ ಸೆಪ್ಟೆಂಬರ್ ತನಕ ಚಂಡಮಾರುತದ ಕಾಟ, ಕೋಚಿ ಕಡೆ ಜಾಸ್ತಿ. ಆದರೂ ತೋಕುಶಿಮಾದ ಆವಾ ಓದೋರಿ ಕುಣಿತ ನೋಡಬೇಕಾದರೆ ಆಗಸ್ಟ್ 12ರಿಂದ 15ಕ್ಕೇ ಹೋಗಬೇಕು. ಹೋಟೆಲ್ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ ಜಪಾನಿನವರದೇ ರಜೆ, ಆಗ ಬೇಡ.

ಹಳ್ಳಿ ಕಡೆ ಉಳಿದುಕೊಳ್ಳುವಾಗ ಏನು ಗಮನಿಸಬೇಕು?

ಮನೆಯವರೇ ನಡೆಸುವ ಮಿನ್ಶುಕು, ಸಾಂಪ್ರದಾಯಿಕ ವಸತಿಗೃಹವಾದ ರ್ಯೋಕಾನ್‌ಗಳಲ್ಲಿ ರಾತ್ರಿ ಊಟ ಆರು, ಆರೂವರೆಗೇ. ಎಂಟಕ್ಕೆ ಬಂದರೆ ಊಟವೂ ಇಲ್ಲ, ಸುತ್ತ ಹೋಟೆಲೂ ಇಲ್ಲ. ಐದರೊಳಗೆ ತಲುಪಿ. ತಡವಾದರೆ ಫೋನ್ ಮಾಡಿಸಿ, ಅವರು ನಿಜಕ್ಕೂ ಗಾಬರಿಯಾಗಿ ಕಾಯುತ್ತಾರೆ. ಸಸ್ಯಾಹಾರ ಬೇಕಾದರೆ ಬುಕ್ ಮಾಡುವಾಗಲೇ ಹೇಳಿ. ಬಾಗಿಲಲ್ಲಿ ನಿಂತು ಹೇಳಿದರೆ ಅವರ ಬಳಿ ಕೊಡಲು ಅನ್ನ, ಉಪ್ಪಿನಕಾಯಿ ಬಿಟ್ಟು ಏನೂ ಇರುವುದಿಲ್ಲ.

ದೊಡ್ಡ ಸೂಟ್‌ಕೇಸ್ ಏನು ಮಾಡುವುದು?

ಹೋಟೆಲ್ ಕೌಂಟರಿನಲ್ಲಿ ತಕ್ಕ್ಯೂಬಿನ್ ಅಂತ ಕೇಳಿ. ಮುಂದಿನ ಹೋಟೆಲಿಗೆ ಸಾಮಾನ್ಯವಾಗಿ ಮಾರನೇ ದಿನ ತಲುಪಿಸುತ್ತಾರೆ. ಎರಡು ದಿನದ ಬಟ್ಟೆ ಬೆನ್ನಿಗೆ ಹಾಕಿಕೊಂಡು ಬೆಟ್ಟಕ್ಕೆ ಹೋಗಿ.

ಕಸ ಎಲ್ಲಿ ಹಾಕುವುದು?

ರಸ್ತೆಯಲ್ಲಿ ಡಬ್ಬಿ ಸಿಗುವುದಿಲ್ಲ. ಚೀಲದಲ್ಲಿಟ್ಟುಕೊಂಡು ಹೋಟೆಲಿಗೆ ತನ್ನಿ.

ಭೂಕಂಪ ಆದರೆ?

ಕೋಚಿ ಕರಾವಳಿಯಲ್ಲಿ ಉಳಿಯುವವರು ಮೊದಲ ದಿನವೇ ಸುನಾಮಿ ಬಂದರೆ ಓಡುವ ದಾರಿ ನೋಡಿಟ್ಟುಕೊಳ್ಳಿ. ಬೋರ್ಡುಗಳಿವೆ, ಹತ್ತಿ ನಿಲ್ಲಲು ಗೋಪುರಗಳನ್ನೂ ಕಟ್ಟಿದ್ದಾರೆ. ಸಮುದ್ರದ ಹತ್ತಿರ ನೆಲ ಜೋರಾಗಿ ಅಲುಗಿದರೆ ಯಾರ ಅಪ್ಪಣೆಗೂ ಕಾಯದೆ ಎತ್ತರಕ್ಕೆ ಹೋಗಿ. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119, ಪೊಲೀಸರಿಗೆ 110. ಪಾಸ್‌ಪೋರ್ಟ್ ಯಾವಾಗಲೂ ಜೊತೆಗಿರಬೇಕು, ಹೋಟೆಲಿನಲ್ಲಿ ಬಿಟ್ಟು ತಿರುಗುವಂತಿಲ್ಲ.